ರಕ್ತದಲ್ಲಿ ಮದ್ಯ ‘ಶೂನ್ಯ’ ಎಂಬ ವರದಿ: ನಾನು ಬರೆದದ್ದು ತಪ್ಪು, ಈಗ ಹೇಗೆ ತಿದ್ದಲಿ?

ಅಘನಾಶಿನಿ ದಡ (ಕುಮಟಾ)

ಹೆದ್ದಾರಿ 66ರ ಅಪಘಾತದ ಬಗ್ಗೆ ಮೂರು ವಾರಗಳ ಹಿಂದೆ ನಾನು ಇಲ್ಲಿ ಬರೆದ ರಾಜಕೀಯ ಟಿಪ್ಪಣಿಯಲ್ಲಿ ದೊಡ್ಡ ತಪ್ಪೊಂದಿದೆ. ಅದನ್ನು ಬಹಳ ಜನ ಹಂಚಿಕೊಂಡಿದ್ದಾರೆ. ಆದ್ದರಿಂದ ತಪ್ಪೊಪ್ಪಿಗೆಯೂ ಎಲ್ಲರೆದುರಿಗೇ ಆಗಬೇಕು.

ನಾನು ಬರೆದದ್ದು ಹೀಗಿತ್ತು. ರಾತ್ರಿ ಹನ್ನೊಂದೂವರೆಗೆ ಕಾರು ಮತ್ತು ಬೈಕಿನ ನಡುವೆ ಅಪಘಾತವಾಯಿತು. ಕಾರು ಓಡಿಸುತ್ತಿದ್ದವನು ಮುಖಂಡರೊಬ್ಬರ ಹತ್ತಿರದ ಸಂಬಂಧಿ. ಅವನ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು ಎಂದು ಅಲ್ಲಿದ್ದ ಇಬ್ಬರು ಹೇಳಿದರು. ಪ್ರಯೋಗಾಲಯದ ವರದಿಯಲ್ಲಿ ಮಾತ್ರ ಮದ್ಯದ ಅಂಶ ಶೂನ್ಯ. “ಶೂನ್ಯ ಎಂದರೆ ರಕ್ತ ಬದಲಾಗಿದೆ. ರಕ್ತ ಬದಲಾಗಿದೆ ಎಂದರೆ ವೈದ್ಯರ ಕೈ ಬೆಚ್ಚಗಾಗಿದೆ” ಎಂದು ಮುಗಿಸಿದ್ದೆ. ಜನ ಹೆಚ್ಚು ಹಂಚಿದ್ದು ಈ ಎರಡು ಸಾಲುಗಳನ್ನೇ.

ರಕ್ತ ತೆಗೆದದ್ದು ಮರುದಿನ ಬೆಳಿಗ್ಗೆ 8.50ಕ್ಕೆ, ಅಪಘಾತವಾಗಿ ಒಂಬತ್ತು ಗಂಟೆ ಇಪ್ಪತ್ತು ನಿಮಿಷ ಕಳೆದ ಮೇಲೆ. ಈ ಸಮಯ ನನ್ನ ಕೈಯಲ್ಲಿದ್ದ ಪ್ರತಿಯಲ್ಲೇ ಇತ್ತು. ಓದಿದ್ದೆ, ಆದರೆ ಅದು ಏನು ಹೇಳುತ್ತಿದೆ ಎಂದು ಯೋಚಿಸಲಿಲ್ಲ.

ಲೆಕ್ಕ ಹಾಕಿ ನೋಡಿ. 65 ಕಿಲೋ ತೂಕದ ಗಂಡಸು ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿ ಕುಡಿದ ಎಂದುಕೊಳ್ಳೋಣ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಮದ್ಯಸಾರ ಶೇ 42.8. ಹಾಗಾದರೆ ಹೊಟ್ಟೆಗೆ ಹೋದದ್ದು ಸುಮಾರು 61 ಗ್ರಾಂ. ಸ್ವೀಡನ್ನಿನ ವಿಜ್ಞಾನಿ ವಿಡ್‌ಮಾರ್ಕ್ ಹಾಕಿಕೊಟ್ಟ ಸೂತ್ರದ ಪ್ರಕಾರ ಪ್ರತಿ 100 ಮಿ.ಲೀ. ರಕ್ತದಲ್ಲಿ ಅದು ಹೆಚ್ಚೆಂದರೆ 138 ಮಿಲಿಗ್ರಾಂ ಆಗುತ್ತದೆ. ಕಾನೂನಿನ ಮಿತಿ 30. ಯಕೃತ್ತು ಅದನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಕರಗಿಸುತ್ತದೆ. ಒಂಬತ್ತು ಗಂಟೆಗೆ 135. ಮಿತಿಯ ನಾಲ್ಕು ಪಟ್ಟು ಕುಡಿದು ಕಾರು ಓಡಿಸಿದವನ ರಕ್ತವೂ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸ್ವಚ್ಛವಾಗಿರುತ್ತದೆ. ಯಾರೂ ಏನನ್ನೂ ಬದಲಾಯಿಸಬೇಕಾಗಿಲ್ಲ.

ಅಂದರೆ ಆ ಶೂನ್ಯ, ಅವನು ಕುಡಿದಿರಲಿಲ್ಲ ಎಂದೂ ಹೇಳುವುದಿಲ್ಲ, ರಕ್ತ ಬದಲಾಯಿತು ಎಂದೂ ಹೇಳುವುದಿಲ್ಲ.

ಶನಿವಾರ ಆ ವೈದ್ಯರನ್ನು ಕಂಡು ಬಂದೆ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಹೊರರೋಗಿಗಳ ಸಾಲು ಮುಗಿಯುವವರೆಗೆ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಹೋಗಿ ಹೆಸರು ಹೇಳಿದಾಗ ಅವರು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. “ನಾನು ಎಂಟು ಗಂಟೆಗೆ ಡ್ಯೂಟಿಗೆ ಬಂದೆ. ಪೊಲೀಸರು ಅವನನ್ನು ಕರೆತಂದದ್ದು ಎಂಟು ನಲವತ್ತಕ್ಕೆ. ಹತ್ತು ನಿಮಿಷದಲ್ಲಿ ರಕ್ತ ತೆಗೆದು ಸೀಲ್ ಮಾಡಿಸಿದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮ ಬರಹವನ್ನು ಶಿರಸಿಯಲ್ಲಿ ಯಾರೋ ನನ್ನ ತಂದೆಗೆ ತೋರಿಸಿದರು” ಎಂದರು. ನಾನು ಕ್ಷಮೆ ಕೇಳಿದೆ. ಅವರು ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ನನ್ನ ಪ್ರಶ್ನೆ: ಹಳೆಯ ಬರಹವನ್ನು ಅಳಿಸಲೇ, ಅಥವಾ ಅದರ ತಲೆಯ ಮೇಲೆ ತಿದ್ದುಪಡಿ ಹಾಕಿ ಉಳಿಸಲೇ?

ಸದಾಶಿವಗಡ

ಅಳಿಸಬೇಡಿ. ಅಳಿಸಿದರೆ ಅದರ ಚಿತ್ರ ತೆಗೆದಿಟ್ಟುಕೊಂಡವರ ಬಳಿ ಮಾತ್ರ ಉಳಿಯುತ್ತದೆ, ತಿದ್ದುಪಡಿ ಇಲ್ಲದೆ.

ಹೊನ್ನಾವರ ಬಂದರು

ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಗೌರವವಿದೆ, ಆದರೆ ಹೊತ್ತು ನೋಡಿದಿರಾ? ಪಂಚಾಯತಿ ಚುನಾವಣೆ ಎದುರಿಗೇ ಇದೆ. ಈ ಬರಹ ನಾಳೆ ಬೆಳಗಾಗುವುದರೊಳಗೆ ಅವರ ಪಕ್ಷದ ಪ್ರತಿಯೊಂದು ಗುಂಪಿನಲ್ಲಿ ಇರುತ್ತದೆ. ವೈದ್ಯರ ಬಳಿ ಹೋಗಿ ಕ್ಷಮೆ ಕೇಳಿದಿರಿ, ಅಲ್ಲಿಗೆ ಮುಗಿಯಿತು. ಊರಿಗೆಲ್ಲ ಡಂಗುರ ಸಾರುವ ಅಗತ್ಯ ಏನಿತ್ತು?

ಅಘನಾಶಿನಿ ದಡ (ಕುಮಟಾ)

ಆರೋಪವನ್ನು ಊರಿಗೆಲ್ಲ ಸಾರಿದ್ದೆ. ಕ್ಷಮೆಯನ್ನು ಕೋಣೆಯ ಬಾಗಿಲು ಮುಚ್ಚಿ ಕೇಳಿದರೆ ಆ ವೈದ್ಯರ ತಂದೆಗೆ ಅದು ತಲುಪುವುದು ಹೇಗೆ? ಚುನಾವಣೆ ಇವತ್ತು ಬರುತ್ತದೆ, ನಾಳೆ ಹೋಗುತ್ತದೆ. ಆ ಹುಡುಗಿ ಇದೇ ಜಿಲ್ಲೆಯಲ್ಲಿ ಇನ್ನೂ ಮೂವತ್ತು ವರ್ಷ ಕೆಲಸ ಮಾಡಬೇಕು.

ಪ್ರಯೋಗಾಲಯದ ಅಕ್ಕ (ಶಿರಸಿ)

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ನಾನು. ಬರೆದದ್ದು ಬಹುಮಟ್ಟಿಗೆ ಸರಿ ಇದೆ. ಎರಡು ಕಡೆ ತಿದ್ದುತ್ತೇನೆ.

ಗಂಟೆಗೆ 15 ಮಿಲಿಗ್ರಾಂ ಎಂಬುದು ಸರಾಸರಿ. ಸಾಮಾನ್ಯವಾಗಿ 10ರಿಂದ 20ರ ನಡುವೆ ಇರುತ್ತದೆ, ದಿನವೂ ಕುಡಿಯುವವರಲ್ಲಿ ಇನ್ನೂ ಬೇಗ ಇಳಿಯುತ್ತದೆ. 10ರ ಲೆಕ್ಕ ಹಿಡಿದರೆ ನಿಮ್ಮ ಕ್ವಾರ್ಟರಿನವನ ರಕ್ತದಲ್ಲಿ ಬೆಳಿಗ್ಗೆಯೂ 40ರ ಹತ್ತಿರ ಉಳಿದಿರಬೇಕು. ಊಟದ ಜೊತೆ ಕುಡಿದರೆ ಏರುವುದೂ ನಿಧಾನ, ಏರುವ ಎತ್ತರವೂ ಕಡಿಮೆ. ಆದ್ದರಿಂದ “ಸ್ವಚ್ಛವಾಗಿರುತ್ತದೆ” ಎಂದು ಬರೆಯಬೇಡಿ, “ಸ್ವಚ್ಛವಾಗಿರಬಹುದು” ಎಂದು ಬರೆಯಿರಿ. ಅಷ್ಟು ಸಾಕು, ನಿಮ್ಮ ಮಾತು ನಿಲ್ಲುತ್ತದೆ.

ಇನ್ನೊಂದು, ರಕ್ತ ಬದಲಾಯಿಸುವುದು ಸುಲಭ ಎಂದು ತಿಳಿದವರಿಗಾಗಿ. ಈ ಪರೀಕ್ಷೆಗೆ ರಕ್ತ ತೆಗೆಯುವಾಗ ಚರ್ಮಕ್ಕೆ ಸ್ಪಿರಿಟ್ ಹಚ್ಚಬಾರದು, ಅದೂ ಮದ್ಯಸಾರವೇ. ಸೋಪಿನ ನೀರಿನಿಂದ ಅಥವಾ ಸ್ಪಿರಿಟ್ ಇಲ್ಲದ ದ್ರಾವಣದಿಂದ ಒರೆಸುತ್ತೇವೆ. ರಕ್ತ ಹೋಗುವುದು ಬೂದು ಮುಚ್ಚಳದ ನಳಿಕೆಗೆ. ಅದರ ತಳದಲ್ಲಿ ಬಿಳಿ ಪುಡಿ ಇರುತ್ತದೆ: ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್. ಮೊದಲನೆಯದು ಕೆಡದಂತೆ ನೋಡಿಕೊಳ್ಳುತ್ತದೆ, ಎರಡನೆಯದು ಹೆಪ್ಪುಗಟ್ಟದಂತೆ. ನಳಿಕೆಯನ್ನು ಮೆಲ್ಲಗೆ ಎಂಟು ಹತ್ತು ಬಾರಿ ತಲೆಕೆಳಗು ಮಾಡಿದಾಗ ಪುಡಿ ಕರಗುತ್ತದೆ. ಆಮೇಲೆ ಚೀಟಿ, ಚೀಟಿಯ ಮೇಲೆ ಸಮಯ, ಸಹಿ, ಬಟ್ಟೆ ಸುತ್ತಿ ಅರಗು, ಅರಗಿನ ಮೇಲೆ ಮುದ್ರೆ. ಮೇಣದಬತ್ತಿಗೆ ಅರಗಿನ ಕಡ್ಡಿ ಹಿಡಿದು ಬೆರಳು ಸುಟ್ಟುಕೊಳ್ಳದ ಸಿಬ್ಬಂದಿ ನಮ್ಮಲ್ಲಿ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಊರಿನವರು ಕಳ್ಳಿ ಎಂದರೆ ಹೇಗಾಗುತ್ತದೆ ಎಂದು ಯೋಚಿಸಿ.

ಅಂಕೋಲೆಯ ಮಾಸ್ತರು

ಅಕ್ಕನವರ ವಿವರಣೆ ಬಹಳ ಚೆನ್ನಾಗಿದೆ. ಆದರೆ ಒಂದು ಮಾತು. ಅಪಘಾತವಾದ ಎರಡು ಗಂಟೆಯೊಳಗೆ ರಕ್ತ ತೆಗೆಯಲೇಬೇಕು ಎಂದು ಕಾನೂನಿದೆ. ಅದನ್ನು ಮುರಿದದ್ದೇ ಅಪರಾಧವಲ್ಲವೇ?

ಕೋರ್ಟು ರಸ್ತೆ (ಕಾರವಾರ)

ಮಾಸ್ತರೇ, ಆ ಎರಡು ಗಂಟೆ ಅಪಘಾತದಿಂದ ಅಲ್ಲ, ಬಂಧನದಿಂದ ಎಣಿಕೆ. 1988ರ ಮೋಟಾರು ವಾಹನ ಕಾಯ್ದೆಯ 202ನೇ ಕಲಂ. ಕುಡಿದು ಓಡಿಸಿದ್ದಕ್ಕೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು. ಬೆಳಿಗ್ಗೆ ಎಂಟಕ್ಕೆ ಬಂಧನ ಎಂದು ಬರೆದುಕೊಂಡರೆ 8.50ಕ್ಕೆ ರಕ್ತ ತೆಗೆದದ್ದು ಕಾನೂನಿಗೆ ಸರಿಯಾಗಿಯೇ ಇರುತ್ತದೆ. ಹುಳುಕು ಇರುವುದು ಅಲ್ಲಿ.

185ನೇ ಕಲಂ ಪ್ರಕಾರ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಮೊದಲು ಉಸಿರಿನ ಯಂತ್ರದ ಪರೀಕ್ಷೆಯನ್ನು ಮಾತ್ರ ಹೆಸರಿಸಿತ್ತು, 2019ರ ತಿದ್ದುಪಡಿಯಲ್ಲಿ ಪ್ರಯೋಗಾಲಯದ ಪರೀಕ್ಷೆಯನ್ನೂ ಸೇರಿಸಿದರು. ಮೊದಲ ಬಾರಿಗೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಶೂನ್ಯದಿಂದ ಹಿಂದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ. ಬೆಳಿಗ್ಗೆ 12 ಮಿಲಿಗ್ರಾಂ ಸಿಕ್ಕಿದ್ದರೂ ತಜ್ಞರು ರಾತ್ರಿಯ ಅಂದಾಜು ಹೇಳಬಹುದಿತ್ತು. ಶೂನ್ಯ ತಲುಪಿದ್ದು ಏಳು ಗಂಟೆಗೋ ನಾಲ್ಕು ಗಂಟೆಗೋ, ಅಥವಾ ಮೊದಲಿನಿಂದಲೇ ಶೂನ್ಯವೋ, ಯಾರು ಹೇಳುತ್ತಾರೆ?

ಅಂಕೋಲೆಯ ಮಾಸ್ತರು

ತಿಳಿಯಿತು. ಇಷ್ಟು ದಿನ ತಪ್ಪಾಗಿಯೇ ಹೇಳಿಕೊಂಡು ಬಂದಿದ್ದೆ. ತಿದ್ದಿಕೊಳ್ಳುತ್ತೇನೆ.

ಕೈಗಾ ತಿರುವು

ಎಲ್ಲರೂ ವೈದ್ಯರ ಪರ ನಿಂತಿದ್ದೀರಿ, ಸಂತೋಷ. ಆದರೆ 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಏನಾಯಿತು? ಐಷಾರಾಮಿ ಕಾರಿನ ಹುಡುಗನ ರಕ್ತವನ್ನೇ ಬದಲಾಯಿಸಿದರೆಂದು ವೈದ್ಯರನ್ನು ಬಂಧಿಸಲಿಲ್ಲವೇ? ನಮ್ಮಲ್ಲಿ ಆಗಿರಲಾರದು ಎಂದು ಹೇಗೆ ಹೇಳುತ್ತೀರಿ?

ಅಘನಾಶಿನಿ ದಡ (ಕುಮಟಾ)

ಆಗಿರಲಾರದು ಎಂದು ನಾನು ಹೇಳಲಿಲ್ಲ. ಪುಣೆಯ ಪ್ರಕರಣವೇ ನನ್ನ ತಲೆಯಲ್ಲಿ ಕೂತಿತ್ತು, ತಪ್ಪಾದದ್ದು ಅದರಿಂದಲೇ. ಅಲ್ಲಿ ಅನುಮಾನ ಬಂದು ಇನ್ನೊಂದು ಆಸ್ಪತ್ರೆಯಲ್ಲಿ ಎರಡನೇ ಮಾದರಿ ತೆಗೆದಿದ್ದರು. ಡಿಎನ್‌ಎ ಹೋಲಿಸಿದಾಗ ಮೊದಲ ನಳಿಕೆಯ ರಕ್ತ ಆ ಹುಡುಗನದ್ದಲ್ಲ ಎಂದು ತಿಳಿಯಿತು. ಅದು ಸಾಕ್ಷ್ಯ. ನನ್ನ ಬಳಿ ಡಿಎನ್‌ಎ ಇರಲಿಲ್ಲ, ಎರಡನೇ ಮಾದರಿ ಇರಲಿಲ್ಲ, ಒಂದು ಶೂನ್ಯ ಮಾತ್ರ ಇತ್ತು. ಪುಣೆಯಲ್ಲಿ ಕಂಡದ್ದನ್ನು ಕುಮಟೆಯಲ್ಲಿ ಕೂತು ಇಲ್ಲಿಗೂ ಹೊಂದಿಸಿಬಿಟ್ಟೆ.

ಗಂಗಾವಳಿ

ನಮ್ಮ ಪ್ರಕರಣಕ್ಕೆ ಹತ್ತಿರವಾದದ್ದು ಪುಣೆ ಅಲ್ಲ, ತಿರುವನಂತಪುರ. 2019ರ ಆಗಸ್ಟ್ ಮೊದಲ ವಾರ, ಐಎಎಸ್ ಅಧಿಕಾರಿಯೊಬ್ಬರಿದ್ದ ಕಾರು ಗುದ್ದಿ ಪತ್ರಕರ್ತರೊಬ್ಬರು ತೀರಿಕೊಂಡರು. ಮಧ್ಯರಾತ್ರಿ ದಾಟಿದ ಮೇಲಿನ ಅಪಘಾತ, ರಕ್ತ ತೆಗೆದದ್ದು ಬೆಳಿಗ್ಗೆ, ಹಲವು ಗಂಟೆಗಳ ನಂತರ. ವರದಿಯಲ್ಲಿ ಮದ್ಯ ಇಲ್ಲ. ಅಲ್ಲಿನ ಪತ್ರಕರ್ತರು ಕೇಳಿದ್ದು ‘ಯಾಕೆ ಇಷ್ಟು ತಡ’ ಎಂದು. ನಾವೂ ಅದನ್ನೇ ಕೇಳಬೇಕಿತ್ತು.

ದೇವಿಮನೆ ಘಟ್ಟ

ಒಂದು ಸಣ್ಣ ಪ್ರಶ್ನೆ. ನನ್ನ ಮಾವ ದಿನವೂ ಊಟದ ನಂತರ ಅಶ್ವಗಂಧಾರಿಷ್ಟ ತೆಗೆದುಕೊಳ್ಳುತ್ತಾರೆ. ಮಾಜಾಳಿ ತಪಾಸಣೆ ಗೇಟಿನಲ್ಲಿ ಊದಿಸಿದರೆ ಸಿಕ್ಕಿಬೀಳುತ್ತಾರೆಯೇ?

ಪ್ರಯೋಗಾಲಯದ ಅಕ್ಕ (ಶಿರಸಿ)

ಅರಿಷ್ಟಗಳಲ್ಲಿ ಹುದುಗಿ ಬಂದ ಮದ್ಯಸಾರ ಇದ್ದೇ ಇರುತ್ತದೆ. ಕುಡಿದ ತಕ್ಷಣ ಊದಿದರೆ ಬಾಯಲ್ಲಿ ಉಳಿದದ್ದು ಯಂತ್ರಕ್ಕೆ ಸಿಗುತ್ತದೆ. ಬಾಯಿ ಮುಕ್ಕಳಿಸಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ಹೋಗುತ್ತದೆ. ಎರಡು ಚಮಚದಿಂದ ರಕ್ತದಲ್ಲಿ 30 ಮುಟ್ಟುವುದಿಲ್ಲ.

ಮಾರಿಕಾಂಬೆ ಪೇಟೆ

ಹಲಸಿನ ಹಣ್ಣಿನಿಂದಲೂ ಹೀಗೆ ಆಗಿದೆ! 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ತೊಳೆ ತಿಂದು ಡ್ಯೂಟಿಗೆ ಬಂದ ಚಾಲಕರು ಊದಿದಾಗ ಯಂತ್ರ ಮದ್ಯ ತೋರಿಸಿತು. ಬಕ್ಕೆ ಹಲಸೋ ಅಂಬಲಿ ಹಲಸೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮಳೆಗಾಲದ ಹಲಸು ಎರಡು ದಿನ ಇಟ್ಟರೆ ಹುಳಿ ವಾಸನೆ ಬರುತ್ತದೆ, ಆದ್ದರಿಂದ ನಂಬುತ್ತೇನೆ. ಉಸಿರಿನ ಯಂತ್ರ ಅನುಮಾನ ಹೇಳುತ್ತದೆ, ರಕ್ತ ಖಚಿತಪಡಿಸುತ್ತದೆ.

ಕೋರ್ಟು ರಸ್ತೆ (ಕಾರವಾರ)

ರಕ್ತವೂ ತಾನಾಗಿ ಖಚಿತಪಡಿಸುವುದಿಲ್ಲ. ಮುಂಬೈಯ 2002ರ ಪ್ರಸಿದ್ಧ ಹಿಟ್ ಅಂಡ್ ರನ್ ಪ್ರಕರಣದಲ್ಲಿ ವರದಿ 62 ಮಿಲಿಗ್ರಾಂ ಎಂದಿತ್ತು, ಮಿತಿಯ ಎರಡು ಪಟ್ಟು. ವೈದ್ಯರು ತೆಗೆದದ್ದು ಆರು ಮಿ.ಲೀ., ಪ್ರಯೋಗಾಲಯದವರು ಕಂಡದ್ದು ನಾಲ್ಕು. ನಡುವೆ ಎರಡು ಮಿ.ಲೀ. ಎಲ್ಲಿ ಹೋಯಿತು ಎಂಬ ಪ್ರಶ್ನೆಯೂ ಸೇರಿ ಆ ಸಾಕ್ಷ್ಯ ನಿಲ್ಲಲಿಲ್ಲ. 2015ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಆರೋಪಿಯನ್ನು ಖುಲಾಸೆ ಮಾಡಿತು. ಸಂಖ್ಯೆಗಿಂತ ಆ ನಳಿಕೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೇ ಮುಖ್ಯವಾಗುತ್ತದೆ.

ಬೇಲೇಕೇರಿ

ನೀವೆಲ್ಲ ಹಲಸಿನ ಹಣ್ಣಿನ ಮಾತು ಆಡುತ್ತಿದ್ದೀರಿ. ಆ ರಾತ್ರಿ ಬೈಕಿನಲ್ಲಿ ಬರುತ್ತಿದ್ದವನು ನನ್ನ ಚಿಕ್ಕಪ್ಪನ ಮಗ. ಬಂದರಿನಲ್ಲಿ ಬಲೆ ಇಳಿಸಿ ಮನೆಗೆ ಹೊರಟಿದ್ದ. ತೊಡೆಯ ಮೂಳೆಗೆ ರಾಡ್ ಹಾಕಿದ್ದಾರೆ. ಇಲ್ಲಿ ಆಗುವುದಿಲ್ಲ ಎಂದು ಆ ರಾತ್ರಿಯೇ ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಕರೆದೊಯ್ದೆವು. ಈ ಜಿಲ್ಲೆಯಲ್ಲಿ ಯಾರಿಗೆ ಏನಾದರೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಅವನು ಮುಂದಿನ ಮೀನುಗಾರಿಕೆಯ ಹಂಗಾಮಿಗೆ ದೋಣಿ ಹತ್ತುವುದಿಲ್ಲ.

ನಿಮ್ಮ ಮೊದಲ ಬರಹ ಓದಿ ನಮಗೆ ಧೈರ್ಯ ಬಂದಿತ್ತು. ನಮ್ಮ ಪರ ಬರೆಯುವವರು ಒಬ್ಬರಾದರೂ ಇದ್ದಾರೆ ಎಂದು ಚಿಕ್ಕಮ್ಮ ಅದನ್ನು ಎರಡು ಬಾರಿ ಓದಿಸಿಕೊಂಡರು. ಈಗ ತಪ್ಪಾಯಿತು ಎನ್ನುತ್ತೀರಿ. ನಾವು ಯಾರ ಮುಖ ನೋಡಬೇಕು?

ಅಘನಾಶಿನಿ ದಡ (ಕುಮಟಾ)

ನಿಮಗೆ ಉತ್ತರ ಬರೆಯಲು ನಿನ್ನೆ ರಾತ್ರಿಯಿಂದ ಕೂತಿದ್ದೇನೆ, ತಮ್ಮಾ.

ನಾನು ಕೆಡಿಸಿದ್ದು ಎರಡು ಮನೆಗಳನ್ನು. ವೈದ್ಯರ ಮನೆಯ ವಿಷಯ ಮೇಲೆ ಹೇಳಿದೆ. ನಿಮ್ಮ ಮನೆಗೆ ಮಾಡಿದ್ದು ಬೇರೆ. ಕೇಳಬೇಕಾದ ಪ್ರಶ್ನೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಎಂಟು ನಲವತ್ತರ ನಡುವೆ ಇತ್ತು. ಅವನು ಆ ಹೊತ್ತೆಲ್ಲ ಎಲ್ಲಿದ್ದ, ಸ್ಥಳಕ್ಕೆ ಬಂದವರು ಊದಿಸಿ ನೋಡಿದರೇ, ನೋಡಲಿಲ್ಲವಾದರೆ ಏಕೆ. ನಾನು ಇಡೀ ಊರಿನ ಸಿಟ್ಟನ್ನು 8.40ರ ನಂತರದ ಹತ್ತು ನಿಮಿಷದ ಮೇಲೆ ತಿರುಗಿಸಿದೆ. ಆ ಒಂಬತ್ತು ಗಂಟೆಗಳಿಗೆ ಉತ್ತರ ಹೇಳಬೇಕಾದವರು ಈ ಮೂರು ವಾರ ನೆಮ್ಮದಿಯಾಗಿ ಇದ್ದರು. ನಿಮ್ಮ ಚಿಕ್ಕಮ್ಮನಿಗೆ ನನ್ನಿಂದಲೇ ವಿಷಯ ತಿಳಿಯಬೇಕು. ಅವರು ಒಪ್ಪಿದರೆ ಬಂದು ಹೇಳುತ್ತೇನೆ.

ಕೋರ್ಟು ರಸ್ತೆ (ಕಾರವಾರ)

ಬೇಲೇಕೇರಿಯವರೇ, ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮ ಪ್ರಕರಣ ಮದ್ಯದ ಮೇಲೆ ನಿಂತಿಲ್ಲ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಇದೆ, ನಿರ್ಲಕ್ಷ್ಯದಿಂದ ತೀವ್ರ ಗಾಯ ಮಾಡಿದ್ದಕ್ಕೆ 125 ಇದೆ. ಎರಡಕ್ಕೂ ಕುಡಿದಿದ್ದನೆಂದು ತೋರಿಸಬೇಕಾಗಿಲ್ಲ. ಕಾರು ಯಾವ ಬದಿಯಲ್ಲಿತ್ತು, ಬ್ರೇಕಿನ ಗುರುತು ಎಷ್ಟು ಉದ್ದ, ಬೈಕು ಎಷ್ಟು ದೂರ ಹೋಗಿ ಬಿತ್ತು, ಪಂಚನಾಮೆಯಲ್ಲಿ ಇವು ಸರಿಯಾಗಿ ಇವೆಯೇ ನೋಡಿ. ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಿ, ತಡ ಮಾಡಬೇಡಿ. ಆಸ್ಪತ್ರೆಯ ಒಂದು ಚೀಟಿಯನ್ನೂ ಎಸೆಯಬೇಡಿ, ಆಂಬುಲೆನ್ಸಿನದ್ದೂ ಸೇರಿ.

ಬೇಲೇಕೇರಿ

ಚೀಟಿಗಳೆಲ್ಲ ಒಂದು ಚೀಲದಲ್ಲಿವೆ. ಪಂಚನಾಮೆಯ ಪ್ರತಿ ಕೇಳುತ್ತೇವೆ. ಚಿಕ್ಕಮ್ಮ ಭಾನುವಾರ ಬರಲು ಹೇಳಿದ್ದಾರೆ.

ಜನಪರ ಧ್ವನಿ

ಕೊನೆಗೂ ಸತ್ಯ ಹೊರಬಂತು! ಅವರು ಕುಡಿದಿರಲಿಲ್ಲ ಎಂದು ಟೀಕಾಕಾರರೇ ಒಪ್ಪಿಕೊಂಡಿದ್ದಾರೆ. ಈ ಬರಹವನ್ನು ಎಲ್ಲರೂ ಹಂಚಿಕೊಳ್ಳಿ.

ಹೊನ್ನಾವರ ಬಂದರು

ನಾನು ಹೇಳಿರಲಿಲ್ಲವೇ?

ಅಘನಾಶಿನಿ ದಡ (ಕುಮಟಾ)

‘ಜನಪರ ಧ್ವನಿ’ಯವರೇ, ಹಂಚಿಕೊಳ್ಳಿ, ಆದರೆ ಪೂರ್ತಿ ಹಂಚಿಕೊಳ್ಳಿ. ಕುಡಿದಿರಲಿಲ್ಲ ಎಂದು ನಾನು ಎಲ್ಲಿಯೂ ಬರೆದಿಲ್ಲ. ಮೂರು ವಾರದ ಹಿಂದೆ ನಾನು ಶೂನ್ಯವನ್ನು ಹಿಡಿದು ‘ಕಳ್ಳತನ’ ಎಂದೆ. ಈಗ ನೀವು ಅದೇ ಶೂನ್ಯವನ್ನು ಹಿಡಿದು ‘ನಿರಪರಾಧಿ’ ಎನ್ನುತ್ತಿದ್ದೀರಿ. ಎರಡೂ ಒಂದೇ ತಪ್ಪು. ನಿಮ್ಮ ಮುಖಂಡರ ಸಂಬಂಧಿ ಕುಡಿದಿರಲಿಲ್ಲವಾದರೆ ರಾತ್ರಿ ಹನ್ನೆರಡಕ್ಕೇ ಊದಿ ತೋರಿಸಿದ್ದರೆ ಅವರಿಗೇ ಒಳ್ಳೆಯದಾಗುತ್ತಿತ್ತು.

ಸದಾಶಿವಗಡ

ಕಾಯ್ದೆಯ 203ನೇ ಕಲಂ ಪ್ರಕಾರ ಅಪಘಾತವಾದಾಗ ಅನುಮಾನವಿದ್ದರೆ ಪೊಲೀಸರು ಊದಿಸಿ ನೋಡಬಹುದು ಎಂದು ಓದಿದ್ದೇನೆ. ಠಾಣೆಯಲ್ಲಿ ಆ ರಾತ್ರಿ ಯಂತ್ರ ಇತ್ತೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಾರದೇ?

ಕೋರ್ಟು ರಸ್ತೆ (ಕಾರವಾರ)

ಕೇಳಬಹುದು. ತನಿಖೆಯ ಕಡತ ಕೇಳಿದರೆ ತನಿಖೆಗೆ ಅಡ್ಡಿ ಎಂದು 8ನೇ ಕಲಂ ತೋರಿಸಿ ನಿರಾಕರಿಸುತ್ತಾರೆ. ಹಾಗೆ ಕೇಳಬೇಡಿ. ಠಾಣೆಯಲ್ಲಿ ಎಷ್ಟು ಯಂತ್ರಗಳಿವೆ, ಆ ತಾರೀಖಿಗೆ ಎಷ್ಟು ಸುಸ್ಥಿತಿಯಲ್ಲಿದ್ದವು, ಆ ರಾತ್ರಿ ಎಷ್ಟು ಮಂದಿಗೆ ಊದಿಸಿದರು ಎಂದು ಮಾತ್ರ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಗಂಗಾವಳಿ

ಅರ್ಜಿ ನಾನು ಹಾಕುತ್ತೇನೆ. ನನಗೆ ಯಾವ ಪಕ್ಷದ ಹಣೆಪಟ್ಟಿಯೂ ಇಲ್ಲ.

ಕೈಗಾ ತಿರುವು

ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಮುಚ್ಚಿಡುವುದಿಲ್ಲ. ಆದರೆ ವೈದ್ಯರ ಬಗ್ಗೆ ಹಿಂದಿನ ಚರ್ಚೆಯಲ್ಲಿ ನಾನೂ ಕೆಟ್ಟದಾಗಿ ಬರೆದಿದ್ದೆ. ಅದನ್ನು ತೆಗೆದಿದ್ದೇನೆ, ತೆಗೆದದ್ದು ಏಕೆ ಎಂದೂ ಅಲ್ಲಿಯೇ ಬರೆದಿದ್ದೇನೆ.

ಅಘನಾಶಿನಿ ದಡ (ಕುಮಟಾ)

ಎಲ್ಲರ ಮಾತು ಕೇಳಿ ಹಳೆಯ ಬರಹವನ್ನು ಉಳಿಸಿ, ಅದರ ಮೊದಲಲ್ಲಿ ದಪ್ಪ ಅಕ್ಷರದಲ್ಲಿ ಇದನ್ನು ಹಾಕಿದ್ದೇನೆ:

“ಈ ಬರಹದಲ್ಲಿ ವೈದ್ಯರ ಮೇಲೆ ಮಾಡಿದ ಆರೋಪಕ್ಕೆ ನನ್ನ ಬಳಿ ಆಧಾರವಿರಲಿಲ್ಲ. ಅದನ್ನು ಹಿಂದಕ್ಕೆ ಪಡೆದು ಅವರಲ್ಲಿ ಕ್ಷಮೆ ಕೇಳಿದ್ದೇನೆ. ಅಪಘಾತವಾಗಿ ಒಂಬತ್ತು ಗಂಟೆ ಇಪ್ಪತ್ತು ನಿಮಿಷಗಳ ನಂತರ ತೆಗೆದ ರಕ್ತದಲ್ಲಿ ಮದ್ಯ ಇರಲಿಲ್ಲ. ಅಷ್ಟು ತಡವಾಗಿ ತೆಗೆದ ರಕ್ತದಿಂದ ಚಾಲಕ ಕುಡಿದಿದ್ದನೋ ಇಲ್ಲವೋ ಎಂದು ತೀರ್ಮಾನಿಸಲು ಆಗುವುದಿಲ್ಲ. ತಡವಾದದ್ದು ಏಕೆ ಎಂಬುದಕ್ಕೆ ಉತ್ತರ ಬರಬೇಕಾಗಿದೆ.”

ಇದನ್ನೇ ಮುದ್ರಿಸಿ ಒಂದು ಪ್ರತಿಯನ್ನು ಶಿರಸಿಗೆ, ವೈದ್ಯರ ತಂದೆಯವರ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸುತ್ತೇನೆ. ವಿಳಾಸವನ್ನು ವೈದ್ಯರೇ ಕೊಟ್ಟರು.

ಪ್ರಯೋಗಾಲಯದ ಅಕ್ಕ (ಶಿರಸಿ)

ಅಂಚೆಗೆ ಹಾಕುವ ಮೊದಲು ಒಂದು ಪದ. “ಮದ್ಯ ಇರಲಿಲ್ಲ” ಎಂದು ಪ್ರಯೋಗಾಲಯ ಹೇಳುವುದಿಲ್ಲ, “ಪತ್ತೆಯಾಗಲಿಲ್ಲ” ಎನ್ನುತ್ತದೆ. ಯಂತ್ರ ಹಿಡಿಯಲಾರದಷ್ಟು ಅಲ್ಪ ಇದ್ದರೂ ಅದಕ್ಕೆ ಶೂನ್ಯವೇ. ತಿದ್ದಿ.

ಅಘನಾಶಿನಿ ದಡ (ಕುಮಟಾ)

ತಿದ್ದಿದೆ, ಅಕ್ಕಾ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು.